ಗೋಡೆಯ ಮೇಲೆ ನಗದವಳು

ಆಗಸ್ಟ್ 14, 1994, ಭಾನುವಾರ

ಈ ನೋಟ್‌ಬುಕ್ ನನ್ನ ಹೆಂಡತಿ ಡೆಲ್ಫಿನಾಳ ಆಜ್ಞೆ. ಶುಕ್ರವಾರ ಆಸ್ಪತ್ರೆಯಲ್ಲಿ ನಾನು ನರ್ಸಿನ ಮೇಲೆ ರೇಗಿದೆನಂತೆ, ಡಾಕ್ಟರ ಮೇಲೆ ರೇಗಿದೆನಂತೆ, ಕೊನೆಗೆ ಬಾಗಿಲು ತೆಗೆಯದ ಲಿಫ್ಟಿನ ಮೇಲೂ ರೇಗಿದೆನಂತೆ. ಬರುವಾಗ ದಾರಿಯಲ್ಲಿ ಗಾಡಿ ನಿಲ್ಲಿಸಲು ಹೇಳಿ, ತಾನೇ ಇಳಿದು ಹೋಗಿ ಇದನ್ನು ಕೊಂಡು ತಂದು ನನ್ನ ತೊಡೆಯ ಮೇಲೆ ಹಾಕಿದಳು.

"ತಗೋ ಮುದುಕ. ಇನ್ಮೇಲೆ ಇದರ ಮೇಲೆ ರೇಗು. ಇದು ತಿರುಗಿ ಮಾತಾಡಲ್ಲ."

ಸಾನ್ ಆಂಟೋನಿಯೋದ ಈ ಪಶ್ಚಿಮ ಭಾಗದಲ್ಲಿ ಅರ್ಧ ಅಂಗಡಿಗಳ ಹೆಸರು ಬರೆದ ಕೈ ನನ್ನದು. ಕಾಸಿಮಿರೋ ಲೆಆಲ್ ಬರೆದ ಅಕ್ಷರ ಆಚೆ ಬೀದಿಯಿಂದಲೂ ಕಾಣುತ್ತದೆ. ಇಲ್ಲಿ, ಈ ಸಣ್ಣ ಗೆರೆಗಳ ನಡುವೆ, ಅದು ಕೋಳಿ ಕೆದರಿದ ಹಾಗಿದೆ.

ಡಾಕ್ಟರು ಹೇಳಿದ್ದನ್ನು ಬರೆದುಬಿಡುತ್ತೇನೆ. ಅವಳ ಹೊಟ್ಟೆಯ ಗಡ್ಡೆ ಈಗ ಪಿತ್ತಜನಕಾಂಗಕ್ಕೂ ಹರಡಿದೆ. ಔಷಧಿ ನೋವಿಗೆ ಮಾತ್ರ. ಕ್ರಿಸ್ಮಸ್ಸಿನವರೆಗೆ ಇರುತ್ತಾಳಾ ಎಂದೆ, ಆತ ಕನ್ನಡಕ ತೆಗೆದು ಒರೆಸಿಕೊಂಡ. ಡೆಲ್ಫಿನಾ ಎಲ್ಲ ಕೇಳಿಸಿಕೊಂಡು, "ಮೆಣಸಿನಕಾಯಿ ತಿನ್ನಬಹುದಾ?" ಎಂದಳು. ತಿನ್ನಬಹುದಂತೆ. "ಹಾಗಾದ್ರೆ ಸರಿ," ಎಂದು ಚೀಲ ಎತ್ತಿಕೊಂಡಳು.

ಸರಿಯಂತೆ! ನಾನು ಒಪ್ಪುವುದಿಲ್ಲ.

ಆಗಸ್ಟ್ 16, ಮಂಗಳವಾರ

ಹಿತ್ತಿಲ ಶೆಡ್ಡಿನಲ್ಲಿ ಒಂದು ತಗಡು ಕತ್ತರಿಸಿದೆ. ಅಂಚು ಮಡಚಿ, ತುಕ್ಕಿನ ಬಣ್ಣದ ಮೊದಲ ಲೇಪ ಕೊಟ್ಟಿದ್ದೇನೆ. ಡೆಲ್ಫಿನಾಳಿಗೆ ಹೇಳಿಲ್ಲ.

ಎಷ್ಟು ಜನರಿಗೆ ಹರಕೆ ತಗಡು ಬರೆದುಕೊಟ್ಟಿಲ್ಲ ನಾನು. ಮಾಡಿನಿಂದ ಬಿದ್ದು ಬದುಕಿದವನು, ಯುದ್ಧದಿಂದ ಎರಡೂ ಕಾಲಿನ ಮೇಲೆ ವಾಪಸು ಬಂದವನು, ಹೆರಿಗೆಯಲ್ಲಿ ಉಳಿದವಳು. ಮೇಲಿನ ಮೂಲೆಯಲ್ಲಿ ಮೋಡದ ನಡುವೆ ಸಾನ್ ಹುವಾನಿನ ಮಾತೆ, ಯೇಸುವಿನ ತಾಯಿ; ನಡುವೆ ಆದ ಕಷ್ಟದ ಚಿತ್ರ, ಕೆಳಗಿನ ಪಟ್ಟಿಯಲ್ಲಿ ತಾರೀಕು, ಹೆಸರು, ಏನಾಯಿತು, ಅದಕ್ಕೆ ಕೃತಜ್ಞತೆ. ಅದನ್ನು ಒಯ್ದು ಮಾತೆಯ ಗುಡಿಯ ಗೋಡೆಗೆ ತೂಗುಹಾಕಬೇಕು. ಒಳ್ಳೆಯದಾದ ಮೇಲೆ ಮಾತ್ರ ಬರೆಸುವುದು ಪದ್ಧತಿ. ಮುಂಗಡವಾಗಿ ಬರೆಸಲು ಬಂದವರನ್ನು ನಾನೇ ಗದರಿ ಕಳಿಸಿದ್ದೇನೆ, ಮಾತೆಯನ್ನು ಬಲವಂತ ಮಾಡಬಾರದು ಎಂದು.

ಈಗ ನಾನು ಬಲವಂತ ಮಾಡುತ್ತೇನೆ. ಡೆಲ್ಫಿನಾ ಎದ್ದು ಹಾಸಿಗೆಯ ಮೇಲೆ ಕೂತಿರುವ ಚಿತ್ರ. ಬರೆದು ಮುಗಿಸಿ ಎದುರಿಗಿಟ್ಟರೆ, ಇಲ್ಲ ಎನ್ನಲು ಆಕೆಗೂ ಮುಖ ಬರಬಾರದು.

ಸಂಜೆ ಡೆಲ್ಫಿನಾಳ ಅಕ್ಕ ಎಲ್ವಿರಾ ದನದ ಎಲುಬಿನ ಸಾರು ತಂದಳು. ಎದುರು ಮನೆಯವಳು, ದಿನಾ ಬರುತ್ತಾಳೆ. ಮೈತುಂಬ ಕಪ್ಪು ಶಾಲು, ಗಂಟಿಕ್ಕಿದ ಹುಬ್ಬು. ಯಾವಾಗಲೋ ತಪ್ಪಿ ನಗು ಬಂದರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ನಾನು ಈ ಮನೆಯ ಅಳಿಯನಾದಾಗಿನಿಂದ ಅವಳ ಹಲ್ಲು ಕಂಡಿಲ್ಲ. ಇವೆಯೋ ಇಲ್ಲವೋ ದೇವರೇ ಬಲ್ಲ. "ನೀನು ಅವಳಿಗೆ ಸರಿಯಾಗಿ ಊಟ ಹಾಕ್ತಿಲ್ಲ," ಎಂದು ನನಗೆ ಹೇಳಿ ಹೋದಳು. ಸಾರು ಮಾತ್ರ ಚೆನ್ನಾಗಿತ್ತು.

ಆಗಸ್ಟ್ 27, ಶನಿವಾರ

ಇವತ್ತು ಅಂಗಳದ ಪೆಕಾನ್ ಮರದ ಕೆಳಗೆ ಕಾಫಿ ಕುಡಿಯುತ್ತಿದ್ದೆವು. ಸಿಹಿ ಬನ್ನಿನ ಮೇಲಿನ ಸಕ್ಕರೆ ಮಾತ್ರ ಕೆರೆದು ತಿನ್ನುತ್ತಾ ಡೆಲ್ಫಿನಾ ಹೇಳಿದಳು:

"ಮುದುಕ, ನವೆಂಬರಿಗೆ ನನ್ನ ಎಲುಬಿನ ಚಿತ್ರ ಬರೀಬೇಕು ನೀನು."

ನವೆಂಬರ್ ಎರಡರ ಸತ್ತವರ ಹಬ್ಬಕ್ಕೆ ನಾನು ಪ್ರತಿವರ್ಷ ಅಂಥವು ಬರೆಯುತ್ತೇನೆ. ಗಿಟಾರು ಬಾರಿಸುವ ಎಲುಬುಗೂಡು, ರೊಟ್ಟಿ ತಟ್ಟುವ ಎಲುಬುಗೂಡು. ಎಡೆಯಿಡುವ ಮೇಜಿನ ಮೇಲೆ, ತೀರಿಕೊಂಡವರ ಫೋಟೋಗಳ ನಡುವೆ ಅವು ನಗುತ್ತಾ ನಿಂತಿರುತ್ತವೆ. ಸತ್ತವರದ್ದು ಬರೆಯುತ್ತೇವೆ. ಉಸಿರಾಡುವವರದ್ದು ಬರೆಯುವುದಿಲ್ಲ, ಫೋಟೋ ಕೂಡ ಆ ಮೇಜಿನ ಹತ್ತಿರ ಸುಳಿಯಬಾರದು.

"ಬೇರೆ ಮಾತಾಡು," ಎಂದೆ.

"ಬೇರೆ ಮಾತಿಗೆ ಟೈಮಿಲ್ಲ. ನನ್ನ ಚಿತ್ರ ನಾನೇ ನೋಡಿ ಒಪ್ಕೋಬೇಕು. ನಿನ್ನ ಕೈಗೆ ಬಿಟ್ಟು ಹೋದ್ರೆ ಎಲುಬಿನ ಕೈಗೂ ಒಂದು ಬಾವುಟ ಕೊಟ್ಟು ನಿಲ್ಲಿಸ್ತೀಯ."

ನಾನು ಎದ್ದು ಶೆಡ್ಡಿಗೆ ಹೋದೆ. ಮಾತೆಯ ನಿಲುವಂಗಿಗೆ ನೀಲಿ ತುಂಬಿದೆ.

ಸೆಪ್ಟೆಂಬರ್ 3, ಶನಿವಾರ

ವಿಶ್ವವಿದ್ಯಾಲಯದಿಂದ ಒಬ್ಬ ಹುಡುಗಿ ಬಂದಿದ್ದಳು. ಚಿಕಾನೋ, ಅಂದರೆ ನಮ್ಮಂಥ ಮೆಕ್ಸಿಕೋ ಮೂಲದವರ ಚಿತ್ರಗಳಲ್ಲಿ ಪ್ರೀತಿ, ದುಃಖ, ಸಂಬಂಧ ಇವೆಲ್ಲ ಹೇಗೆ ಬರುತ್ತವೆ ಎಂದು ಬರೆಯುತ್ತಾಳಂತೆ. ಲಾಂಡ್ರಿಯ ಗೋಡೆಯ ಮೇಲೆ ನಮ್ಮ ಹಕ್ಕಿನ ಚಳವಳಿಯ ಕಾಲದಲ್ಲಿ ನಾನು ಬರೆದ ದೊಡ್ಡ ಚಿತ್ರದ ಫೋಟೋ ತಂದಿದ್ದಳು. ಹತ್ತಿ ಬಿಡಿಸುವವರ ಮೆರವಣಿಗೆ, ಮುಂದೆ ಬಾವುಟ ಹಿಡಿದ ಹೆಂಗಸು, ಬಿಗಿದ ಬಾಯಿ, ಉರಿಯುವ ಕಣ್ಣು.

"ಈಕೆ ಯಾವುದರ ಪ್ರತೀಕ ಸರ್?"

ನಾನು ನೆಟ್ಟಗೆ ಕೂತು, ಕಳಕೊಂಡ ನೆಲ, ನಮ್ಮ ತಾಯಂದಿರ ಮೌನ, ಹೀಗೆ ಏನೇನೋ ಹೇಳುತ್ತಿದ್ದೆ. ಒಳಗಿನಿಂದ ಡೆಲ್ಫಿನಾ ಕೂಗಿದಳು:

"ಅದು ನಾನೇ ಕಣಮ್ಮ! ಬೆಳಗ್ಗೆಯಿಂದ ನಿಲ್ಲಿಸಿದ್ದ, ಹೊಟ್ಟೆ ಚುರುಗುಟ್ತಿತ್ತು. ಅದಕ್ಕೇ ಆ ಮುಖ!"

ಹುಡುಗಿ ನಕ್ಕು ಕುರ್ಚಿಯಿಂದ ಬೀಳುವುದರಲ್ಲಿದ್ದಳು. ಆಮೇಲೆ ಒಳಗೆ ಹೋಗಿ ಡೆಲ್ಫಿನಾಳ ಜೊತೆಯೇ ತುಂಬ ಹೊತ್ತು ಕೂತಳು. ನನ್ನ ಮಾತು ಅರ್ಧಕ್ಕೇ ನಿಂತಿತು, ಯಾರೂ ಕೇಳಲಿಲ್ಲ.

ಅವಳು ಹೋದ ಮೇಲೆ ಡೆಲ್ಫಿನಾ ಫೋಟೋ ಹಿಡಿದು ನೋಡುತ್ತಿದ್ದಳು. "ಎಷ್ಟು ಗೋಡೆ ಮೇಲೆ ನನ್ನ ಬರೆದಿದೀಯ ಮುದುಕ. ಒಂದರಲ್ಲಾದ್ರೂ ನಗಿಸಿದೀಯಾ? ಹುಟ್ಟಿದಾಗಿಂದ ನಗ್ತಾನೇ ಇದೀನಿ ನಾನು. ಯಾವ ಗೋಡೆ ಮೇಲೂ ನನ್ನ ಹಲ್ಲಿಲ್ಲ."

"ಮೆರವಣಿಗೇಲಿ ಹಲ್ಲು ಕಿರೀತಾರಾ?"

"ನಾನು ಕಿರೀತಿದ್ದೆ. ನೀನು ಬಾಯಿ ಮುಚ್ಚು ಅಂದೆ. ಎಲುಬಿಗೆ ತುಟಿ ಇರಲ್ಲ ನೋಡು, ಮುಚ್ಚು ಅನ್ನೋಕಾಗಲ್ಲ ನಿನಗೆ."

ಸೆಪ್ಟೆಂಬರ್ 11, ಭಾನುವಾರ

ಮತ್ತೆ ಕೇಳಿದಳು. ಬರೆಯುವುದಿಲ್ಲ ಎಂದೆ. ಈ ಮನೆಯಲ್ಲಿ ಯಾರೂ ಸಾಯುತ್ತಿಲ್ಲ ಎಂದು ಕಿರುಚಿದೆ. ಚರ್ಚಿನ ಪೂಜೆ ಮುಗಿಸಿಕೊಂಡು ಬಂದ ಎಲ್ವಿರಾ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಜೀವನದಲ್ಲಿ ಮೊದಲ ಸಲ ಅವಳು ನನ್ನ ಕಡೆ ಮಾತಾಡಿದಳು. "ಇದೊಂದರಲ್ಲಿ ಅವನು ಹೇಳೋದು ಸರಿ ಡೆಲ್ಫಿ. ಬದುಕಿರೋರ ಎಲುಬು ಬರೆಯೋದು ಸಾವಿಗೆ ಬಾ ಅಂತ ಕರೆದ ಹಾಗೆ."

ಎಲ್ವಿರಾಳೂ ನಾನೂ ಒಂದೇ ಕಡೆ! ಡೆಲ್ಫಿನಾ ಇಬ್ಬರನ್ನೂ ನೋಡಿ, "ಪವಾಡ ಆಗಿಹೋಯ್ತಲ್ಲ," ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಸೆಪ್ಟೆಂಬರ್ 19, ಸೋಮವಾರ

ಮೂರು ಚಮಚ ಸಾರು. ಅದೂ ಹೊರಗೆ ಬಂತು. ಬರೆಯಲು ಏನೂ ಇಲ್ಲ.

ಸೆಪ್ಟೆಂಬರ್ 28, ಬುಧವಾರ

ಔಷಧಿ ತರಲು ಹೋಗಿದ್ದೆ. ಬಂದು ನೋಡಿದರೆ ಹಾಸಿಗೆ ಖಾಲಿ. ಕೂಗುತ್ತಾ ಮನೆಯೆಲ್ಲ ಹುಡುಕಿದೆ. ಶೆಡ್ಡಿನಲ್ಲಿದ್ದಳು. ಗೋಡೆ ಹಿಡಿದುಕೊಂಡು ಅಷ್ಟು ದೂರ ನಡೆದು ಬಂದು, ನನ್ನ ಸ್ಟೂಲಿನ ಮೇಲೆ ಕೂತು, ಹರಕೆ ತಗಡನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

ಮುಗಿದಿತ್ತು ಅದು. ಹಾಸಿಗೆಯ ಮೇಲೆ ನೆಟ್ಟಗೆ ಕೂತ ಡೆಲ್ಫಿನಾ, ಕೆನ್ನೆಯಲ್ಲಿ ಬಣ್ಣ, ಜೋಡಿಸಿದ ಕೈ. ಮೂಲೆಯಲ್ಲಿ ಮಾತೆ. ಕೆಳಗಿನ ಪಟ್ಟಿ ಮಾತ್ರ ಖಾಲಿ. ತಾರೀಕು ಗೊತ್ತಾಗದೆ ಏನು ಬರೆಯಲಿ?

ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ಬೆರಳಿನಿಂದ ಹೊದಿಕೆಯ ಮಡಿಕೆಗಳನ್ನು ಸವರಿದಳು.

"ಚೆನ್ನಾಗಿದೆ ಮುದುಕ. ಹೊದಿಕೆ ನಮ್ಮದೇ. ಆ ಹರಿದ ಮೂಲೆ ಸಮೇತ ಬರೆದಿದೀಯ." ಬೆರಳು ಚಿತ್ರದ ತುಟಿಗೆ ತಂದು ಅಂದಳು, "ಇದರಲ್ಲೂ ಬಾಯಿ ಮುಚ್ಚಿದೀಯ."

ನನಗೆ ಅಳು ಬಂತು. ಬರೆಯುತ್ತಿದ್ದೇನೆ, ಯಾರು ನೋಡುತ್ತಾರೆ. ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತೆ. ತಗಡಿನ ಅಂಚು ಹಣೆಗೆ ಚುಚ್ಚುತ್ತಿತ್ತು. ಅವಳು ನನ್ನ ತಲೆಯಲ್ಲಿ ಕೈಯಾಡಿಸಿ, "ಕೂದಲಿಗೆಲ್ಲ ನೀಲಿ ಮೆತ್ಕೊಂಡಿದೀಯ," ಎಂದಳು. ಎತ್ತಿಕೊಂಡು ಒಳಗೆ ತಂದೆ. ಎಷ್ಟು ಹಗುರ ಆಗಿದ್ದಾಳೆ.

ಅಕ್ಟೋಬರ್ 2, ಭಾನುವಾರ

ಹಳೆಯ ಹಲಗೆಯೊಂದಕ್ಕೆ ಕಪ್ಪು ಬಳಿದು ಅಂಗಳದಲ್ಲಿ ಒಣಗಲು ಇಟ್ಟಿದ್ದೇನೆ. ಸುಮ್ಮನೆ.

ಡೆಲ್ಫಿನಾ ಕಿಟಕಿಯಿಂದ ನೋಡಿ, "ಯಾರಿಗೆ ಅದು?" ಎಂದಳು. ಗಿರಾಕಿಗೆ ಎಂದೆ. "ಗಿರಾಕಿಗೆ ಹಳದಿ ಗೌನು ಹಾಕು. ಕಸೂತಿ ಇರೋದು. ಕುಣಿಯೋ ಶೂಸು. ಕೈಯಲ್ಲಿ ಬೀಸಣಿಗೆ. ಬಾವುಟ ಬೇಡ," ಎಂದಳು.

ಅಕ್ಟೋಬರ್ 9, ಭಾನುವಾರ

ಬಿಸಿಲು ಚೆನ್ನಾಗಿತ್ತು. ಕುರ್ಚಿಗೆ ದಿಂಬು ಕೊಟ್ಟು ಪೆಕಾನ್ ಮರದ ಕೆಳಗೆ ಕೂರಿಸಿದೆ. ತನ್ನ ಹಳದಿ ಗೌನು ಪೆಟ್ಟಿಗೆಯಿಂದ ತೆಗೆಸಿ, ಬಟ್ಟೆಯ ಮೇಲೇ ಹಾಕಿಸಿಕೊಂಡಳು. ಕುತ್ತಿಗೆ, ಪಕ್ಕೆಲುಬು, ಗೌನು, ಶೂಸು ಎಲ್ಲ ಮೂರು ದಿನದ ಹಿಂದೆಯೇ ಆಗಿತ್ತು. ಇವತ್ತು ಗೌನಿನೊಳಗಿಂದ ಕಾಣುವ ಹಾಗೆ ಸೊಂಟದ ಎಲುಬು ಬರೆದೆ. ಹಲಗೆ ತಿರುಗಿಸಿ ತೋರಿಸಿದೆ.

ಕಣ್ಣು ಕಿರಿದು ಮಾಡಿ ನೋಡಿದಳು. "ಇಷ್ಟು ಅಗಲದ ಎಲುಬು ನನ್ನದಾ?"

"ನಿನ್ನದೇ."

"ಸತ್ತ ಮೇಲೂ ಸೊಂಟ ಇಳೀಲಿಲ್ವಲ್ಲೋ!"

ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ನೋವು ನೋವು ಎನ್ನುತ್ತಲೇ ನಕ್ಕಳು. ತಡೆಯಲು ಹೋಗಿ ನನಗೂ ಬಂತು. ನಾನು ನೆಲದ ಮೇಲೇ ಕೂತುಬಿಟ್ಟೆ. ಬ್ರಷ್ಷು ಮಣ್ಣಿಗೆ ಬಿದ್ದು ಹಾಳಾಯಿತು, ಒಳ್ಳೆಯ ಬ್ರಷ್ಷು. ಪಕ್ಕದ ಮನೆಯ ನಾಯಿ ಬೇಲಿಯ ಸಂದಿಯಿಂದ ಮೂತಿ ತೂರಿಸಿ ಬೊಗಳಿತು. ಕಣ್ಣೊರೆಸಿಕೊಂಡು ಅವಳು ಕೇಳಿದಳು:

"ಹಲ್ಲೆಲ್ಲಿ?"

"ಹಲ್ಲು ಕೊನೆಗೆ. ಬಿಳಿ ಕೊನೆಗೆ ಇಡೋದು."

"ಯಾವತ್ತು?"

"ನಾಳೆ."

ಮಧ್ಯಾಹ್ನ ಅರ್ಧ ರೊಟ್ಟಿ ತಿಂದಳು, ಮೆಣಸಿನಕಾಯಿ ಸಮೇತ.

ಅಕ್ಟೋಬರ್ 12, ಬುಧವಾರ

ಎಲ್ವಿರಾ ಹಲಗೆ ನೋಡಿದಳು. ಮುಚ್ಚಿಟ್ಟಿದ್ದೆ, ಬಟ್ಟೆ ಗಾಳಿಗೆ ಜಾರಿತ್ತು. ಕೈಯಲ್ಲಿದ್ದ ಸಾರಿನ ಪಾತ್ರೆ ಹೊಸಿಲ ಮೇಲೆ ಕುಕ್ಕಿದಳು.

"ಉಸಿರಾಡ್ತಿರೋ ಹೆಂಡ್ತಿ ಎಲುಬು ಬರೀತಿದೀಯಲ್ಲ, ಕೈ ಹೇಗೆ ಬಂತೋ ನಿನಗೆ? ಸಾವಿಗೆ ಮನೆ ವಿಳಾಸ ಕೊಡ್ತಿದೀಯಾ?"

ಒಳಗಿನಿಂದ ಡೆಲ್ಫಿನಾ, "ಅಕ್ಕಾ, ಅದಕ್ಕೆ ವಿಳಾಸ ಗೊತ್ತಾಗಿ ತುಂಬ ದಿನ ಆಯ್ತು. ನಾನೇ ಬರೆಯೋಕೆ ಹೇಳಿದ್ದು. ಬಾ ಇಲ್ಲಿ, ಕೂತ್ಕೋ," ಎಂದಳು.

ಎಲ್ವಿರಾ ಕೂರಲಿಲ್ಲ. ಶಾಲು ಬಾಯಿಗೆ ಒತ್ತಿಕೊಂಡು ಹೊರಟುಹೋದಳು. ಹೋಗುವಾಗ ನನಗೆ ಹೇಳಿದ ಮಾತು ಇಲ್ಲಿ ಬರೆಯುವುದಿಲ್ಲ. ಅವಳಿಗೆ ತಂಗಿ ಅವಳು, ನನಗೆ ಗೊತ್ತು. ಅದಕ್ಕೇ ನಾನು ಕೂಗಾಡಲಿಲ್ಲ.

ಅಕ್ಟೋಬರ್ 17, ಸೋಮವಾರ

ಮಗಳು ಇರಾಸೆಮಾ ಬಂದಿದ್ದಾಳೆ, ಪಾಠ ಹೇಳುವ ಶಾಲೆಗೆ ರಜೆ ಹಾಕಿ. ಅವಳಮ್ಮ ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತಾಳೆ. ಎಚ್ಚರವಾದಾಗ ಕೇಳುವುದು ಒಂದೇ. "ಹಲ್ಲು ಆಯ್ತಾ?"

ನಾಳೆ ಎನ್ನುತ್ತೇನೆ. ಹಲಗೆಯ ಮುಂದೆ ಕೂರುತ್ತೇನೆ, ಬಿಳಿ ಕಲಸುತ್ತೇನೆ, ಅದು ಒಣಗಿ ಹೋಗುತ್ತದೆ. ಹಲ್ಲು ಬರೆದರೆ ಚಿತ್ರ ಮುಗಿಯುತ್ತದೆ. ಮುಗಿಸಲು ನನಗೆ ಮನಸ್ಸಿಲ್ಲ. ಈ ಮೊದಲು ಯಾವ ಕೆಲಸಕ್ಕೂ ನಾನು ಹೀಗೆ ಸತಾಯಿಸಿದವನಲ್ಲ.

ಅಕ್ಟೋಬರ್ 21, ಶುಕ್ರವಾರ

ಬೆಳಗ್ಗೆ ಹೋದಳು. ಹಲ್ಲು ನೋಡಲಿಲ್ಲ.

ಅಕ್ಟೋಬರ್ 28, ಶುಕ್ರವಾರ

ಮಣ್ಣು ಮಾಡಿ ಬಂದೆವು, ಅದಾಗಿ ಮೂರು ದಿನ. ಸಂಜೆ ಜಪಮಾಲೆಗೆ ಜನ ಬರುತ್ತಾರೆ, ಕಾಫಿ ಕುಡಿಯುತ್ತಾರೆ, ನನ್ನ ಭುಜ ಒತ್ತಿ ಹೋಗುತ್ತಾರೆ. ಎಲ್ವಿರಾ ಪ್ರಾರ್ಥನೆ ಹೇಳಿಸುತ್ತಾಳೆ. ನನ್ನ ಜೊತೆ ಮಾತಾಡುವುದಿಲ್ಲ. ಸಾರು ಮಾತ್ರ ಒಲೆಯ ಮೇಲೆ ಇಟ್ಟು ಹೋಗುತ್ತಾಳೆ.

ಇವತ್ತು ಹಲಗೆ ಹೊರಗೆ ತೆಗೆದೆ. ನವೆಂಬರ್ ಎರಡಕ್ಕೆ ಎಡೆಯಿಡಬೇಕು, ಕೊಟ್ಟ ಮಾತು. ಬಿಳಿ ಅದ್ದಿಕೊಂಡು ಹಲಗೆಯ ಹತ್ತಿರ ಹೋದೆ. ಕೈ ನಿಂತಿತು.

ಮುಂದಿನ ಎರಡು ಹಲ್ಲಿನ ನಡುವೆ ಸಂದಿ ಇತ್ತು. ಎಷ್ಟು ಅಗಲ? ಎಡದ ಹಲ್ಲು ಮುಂದಿತ್ತೋ, ಬಲದ್ದೋ? ಒಂದು ಇನ್ನೊಂದಕ್ಕಿಂತ ಉದ್ದವಿತ್ತು, ಯಾವುದು? ಬರೆದೆ, ಒರೆಸಿದೆ. ಮತ್ತೆ ಬರೆದೆ. ಯಾರದೋ ಹಲ್ಲು. ಮತ್ತೆ ಒರೆಸಿದೆ. ಅವಳ ಕಿವಿಯ ಸುರುಳಿ, ಮೊಣಕೈಯ ಗುಳಿ, ಹುಬ್ಬಿನ ತಿರುವು ಕಣ್ಣು ಮುಚ್ಚಿ ಬರೆದೇನು. ಇಷ್ಟು ವರ್ಷ ಎದುರಿಗೆ ಕೂತು ನಕ್ಕವಳ ಹಲ್ಲು ನನಗೆ ಬರುವುದಿಲ್ಲ.

ಇರಾಸೆಮಾ ಫೋಟೋಗಳ ಡಬ್ಬಿ ತಂದು ಹಾಸಿಗೆಯ ಮೇಲೆ ಸುರುವಿದಳು. ಹುಟ್ಟುಹಬ್ಬ, ನಾಮಕರಣ, ಮೆರವಣಿಗೆ, ಸಮುದ್ರ ದಂಡೆ. ಎಲ್ಲದರಲ್ಲೂ ತುಟಿ ಸೇರಿಸಿಕೊಂಡು ನಿಂತಿದ್ದಾಳೆ.

"ಒಂದೂ ಇಲ್ವಾ ಪುಟ್ಟಿ?"

"ಎಲ್ಲಾದ್ರಲ್ಲೂ ಕ್ಯಾಮೆರಾ ಹಿಡಿದಿದ್ದು ನೀನೇ ಅಲ್ವಾ ಅಪ್ಪ," ಎಂದಳು. ಚುಚ್ಚಿ ಹೇಳಿದ್ದಲ್ಲ. ಆಮೇಲೆ ನನ್ನ ಪಕ್ಕದಲ್ಲೇ ಕೂತು ಫೋಟೋಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದಳು.

ಬಹುಶಃ ಮಾತೆಗೆ ಕೋಪ ಬಂದಿರಬೇಕು. ಆಗದ ಉಪಕಾರಕ್ಕೆ ಮುಂಚೆಯೇ ಕೃತಜ್ಞತೆ ಬರೆಯ ಹೊರಟ ನನ್ನ ಸೊಕ್ಕಿಗೆ. ತಗಡು ಕತ್ತರಿಸಿ ಹಾಕಲೆಂದು ಕತ್ತರಿ ತೆಗೆದೆ. ಹೊದಿಕೆಯ ಹರಿದ ಮೂಲೆ ಕಂಡಿತು. ಕೈ ಬರಲಿಲ್ಲ.

ನವೆಂಬರ್ 1, ಮಂಗಳವಾರ

ಮಧ್ಯಾಹ್ನ ಶೆಡ್ಡಿನಲ್ಲಿ ಹಲಗೆಯ ಮುಂದೆ ಸುಮ್ಮನೆ ಕೂತಿದ್ದೆ. ಹಳದಿ ಗೌನು, ಬೀಸಣಿಗೆ, ಅಗಲ ಸೊಂಟ, ಮುಖದಲ್ಲಿ ಬಾಯಿಯ ಜಾಗಕ್ಕೆ ಬರೀ ಕಪ್ಪು. ಬಾಗಿಲಲ್ಲಿ ಎಲ್ವಿರಾ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಇರಾಸೆಮಾ ಹೇಳಿದ್ಲು," ಎಂದಳು.

ಬೈಯಲು ಬಂದಳೆಂದುಕೊಂಡೆ. "ಬೈಯೋದಿದ್ರೆ ಬೈದುಬಿಡಿ ಎಲ್ವಿರಕ್ಕ. ನಾನು ಬರೆದಿದ್ದಕ್ಕೇ ಹೋದ್ಲು ಅಂತ ನಿಮಗನ್ನಿಸಿದ್ರೆ..."

"ಬಾಯ್ಮುಚ್ಚು ಕಾಸಿಮಿರೋ." ಒಳಗೆ ಬಂದು ಸ್ಟೂಲು ಎಳೆದುಕೊಂಡು ನನ್ನೆದುರು ಬೆಳಕಿಗೆ ಕೂತಳು. ಶಾಲು ಕೆಳಗಿಳಿಸಿದಳು. "ಆ ಹಲ್ಲು ನಮ್ಮಮ್ಮನದು. ಇಬ್ಬರಿಗೂ ಬಂತು. ಶಾಲೇಲಿ ಹುಡುಗೀರು ಬಾಗಿಲಿಲ್ಲದ ಮನೆ ಅಂತ ಆಡಿಕೊಳ್ತಿದ್ರು. ನಾನು ಕೈ ಅಡ್ಡ ಹಿಡಿಯೋದು ಕಲಿತೆ. ಅವಳು ಆ ಸಂದೀಲಿ ಶಿಳ್ಳೆ ಹೊಡೆಯೋದು ಕಲಿತ್ಲು."

ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಳು, ಏಳದ ಹಾಗೆ. ಬಾಯಿ ತೆರೆದಳು.

ಸಂದಿ ಇತ್ತು. ಬಲದ ಹಲ್ಲು ಒಂದಿಷ್ಟು ಉದ್ದ, ಎಡದ್ದರ ಮೇಲೆ ಸ್ವಲ್ಪ ವಾಲಿದ್ದು. ಅದೇ. ಅದೇ ಹಲ್ಲು. ನನ್ನ ಕಣ್ಣು ಮಂಜಾಯಿತು.

"ಅಳಬೇಡ, ಬರಿ. ನನಗೆ ಬಾಯಿ ನೋಯುತ್ತೆ."

"ನಗಬೇಕು ಎಲ್ವಿರಕ್ಕ. ಸುಮ್ಮನೆ ತೆರೆದರೆ ಸಾಲದು."

"ನಗು ಎಲ್ಲಿಂದ ತರಲಿ?"

ಆವತ್ತು ಅಂಗಳದಲ್ಲಿ ಡೆಲ್ಫಿನಾ ತನ್ನ ಸೊಂಟದ ಎಲುಬು ನೋಡಿ ಏನೆಂದಳು ಎಂದು ಹೇಳಿದೆ, ಅವಳ ಧ್ವನಿಯಲ್ಲೇ. ಎಲ್ವಿರಾ ಹಲಗೆಯ ಕಡೆ ತಿರುಗಿ ನೋಡಿದಳು. ಭುಜ ಅಲುಗಿತು. ಕೈ ಮೇಲೆ ಬಂತು, ಅವಳೇ ಅದನ್ನು ಕೆಳಗೆ ಒತ್ತಿ ಹಿಡಿದಳು. ನಕ್ಕಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ, ಕೈ ಬಿಟ್ಟರೆ ಬಾಯಿಗೆ ಹೋದೀತೆಂದು. ಆ ನಗು ಇರುವಷ್ಟು ಹೊತ್ತಿನಲ್ಲಿ ನಾನು ಬರೆದೆ.

ಮುಗಿದ ಮೇಲೆ ಇಬ್ಬರೂ ಹಲಗೆಯ ಮುಂದೆ ನಿಂತೆವು.

"ಇವಳೇ," ಎಂದಳು ಎಲ್ವಿರಾ. ಬೆರಳು ಹಲ್ಲಿನ ಹತ್ತಿರ ಒಯ್ದು ಮುಟ್ಟದೆ ನಿಲ್ಲಿಸಿದಳು. "ಹಸಿ ಇದೆ ಅಲ್ವಾ?"

"ನಾಳೆಗೆ ಒಣಗುತ್ತೆ."

ರಾತ್ರಿಯ ಊಟಕ್ಕೆ ಇಲ್ಲೇ ಇರಿ ಎಂದೆ. ಇದ್ದಳು.

ನವೆಂಬರ್ 2, ಬುಧವಾರ

ಎಡೆಯಿಟ್ಟೆವು. ಚೆಂಡು ಹೂವು, ಮೇಣದ ಬತ್ತಿ, ನೀರು, ಸಿಹಿ ಬನ್ನು, ಒಂದು ತಟ್ಟೆ ಮೆಣಸಿನಕಾಯಿ. ನಡುವೆ ಹಲಗೆ. ಬೀದಿಯವರೆಲ್ಲ ಬಂದರು. ಬಂದವರು ಒಳಗೆ ಕಾಲಿಟ್ಟ ಕೂಡಲೇ ಅಯ್ಯೋ ಡೆಲ್ಫಿ ಎಂದು ನಕ್ಕರು, ಆಮೇಲೆ ಅತ್ತರು. ಯಾರೂ ಇದು ಯಾರ ಚಿತ್ರ ಎಂದು ಕೇಳಲಿಲ್ಲ.

ಎಲ್ಲ ಹೋದ ಮೇಲೆ ಹರಕೆ ತಗಡು ತೆಗೆದುಕೊಂಡೆ. ಹಾಸಿಗೆಯ ಮೇಲೆ ಕೂತವಳ ತುಟಿಗೆ ಚೂರು ಬಣ್ಣ ಮುಟ್ಟಿಸಿ ಬಾಯಿ ತೆರೆದೆ, ಸಂದಿ ಬಿಟ್ಟು ಎರಡು ಹಲ್ಲು ಇಟ್ಟೆ. ಕೆಳಗಿನ ಖಾಲಿ ಪಟ್ಟಿಯಲ್ಲಿ ಬರೆದೆ:

"1994ರ ಅಕ್ಟೋಬರ್ 9, ಭಾನುವಾರ, ನನ್ನ ಹೆಂಡತಿ ಡೆಲ್ಫಿನಾ ನಮ್ಮ ಅಂಗಳದ ಪೆಕಾನ್ ಮರದ ಕೆಳಗೆ ತನ್ನ ಎಲುಬು ನೋಡಿ ನಕ್ಕಳು. ನಾನೂ ನಕ್ಕೆ. ಅರ್ಧ ರೊಟ್ಟಿ ತಿಂದಳು. ಇಷ್ಟಕ್ಕಾಗಿ ಸಾನ್ ಹುವಾನಿನ ಮಾತೆಗೆ ಕೃತಜ್ಞತೆ. ಕಾಸಿಮಿರೋ ಲೆಆಲ್."

ಜಾಗ ಸಾಲಲಿಲ್ಲ. ಹುಟ್ಟಾ ಬೋರ್ಡು ಬರೆಯುವವನು ನಾನು, ಜಾಗ ಅಳೆಯದೆ ಬರೆದೆ, ನನ್ನ ಹೆಸರು ಅಂಚು ದಾಟಿ ತಗಡಿನ ಹಿಂಬದಿಗೆ ಹೋಯಿತು. ಭಾನುವಾರ ಎಲ್ವಿರಕ್ಕನೂ ನಾನೂ ಅದನ್ನು ಗುಡಿಗೆ ಒಯ್ಯುತ್ತೇವೆ. ಗೋಡೆಗೆ ತೂಗುಹಾಕಿದ ಮೇಲೆ ಹಿಂಬದಿ ಯಾರಿಗೂ ಕಾಣುವುದಿಲ್ಲ. ಅವಳ ಹಲ್ಲು ಕಾಣುತ್ತದೆ.